ಡೋಜರ್ ಸೀಟಿನ ಲೆವೆಲ್

ಕಳೆದ ವಾರ ಮಗ ತನ್ನ ಹೊಸ ಎಕ್ಸ್‌ಕವೇಟರ್‌ನಲ್ಲಿ ನನ್ನನ್ನು ಕೂರಿಸಿದ. ಒಳಗೆ ಎಸಿ ಇದೆ, ಹಾಡು ಬರುತ್ತೆ, ಸೀಟು ಹಾಸಿಗೆಯಷ್ಟು ಮೆತ್ತಗಿದೆ. ಎರಡು ಪುಟ್ಟ ಜಾಯ್‌ಸ್ಟಿಕ್, ಬೆರಳಿನಲ್ಲಿ ಆಡಿಸಿದರೆ ಸಾಕು. ಹತ್ತು ನಿಮಿಷ ಕೂತು ಇಳಿದುಬಿಟ್ಟೆ.

"ಯಾಕಪ್ಪಾ, ಮನಸಿಗೆ ಬರಲಿಲ್ಲೇನು?" ಅಂದ.

ಬಂತು, ಚೆನ್ನಾಗೇ ಇದೆ. ಆದರೆ ಕೆಳಗಿನ ನೆಲ ಗಟ್ಟಿಯೋ ಮೆತ್ತಗೋ, ಅದೊಂದು ಮಾತ್ರ ನನಗೆ ಗೊತ್ತಾಗಲಿಲ್ಲ. ಅದು ಗೊತ್ತಾಗದೆ ಮಷೀನ್ ಓಡಿಸೋದು ಹೇಗೆ ಅಂತ ಇನ್ನೂ ಯೋಚಿಸುತ್ತಿದ್ದೇನೆ.

ನಾನು ಹುಟ್ಟಿದ್ದು 1964ರ ಮೇ ತಿಂಗಳಲ್ಲಿ. ಅದೇ ತಿಂಗಳು 22ನೇ ತಾರೀಕು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಮಣ್ಣು ಕೆಲಸದ ಮಷೀನ್ ಮಾಡುವ ಬಿಇಎಂಎಲ್ ಕಂಪನಿ ಬೆಂಗಳೂರಿನಲ್ಲಿ ಶುರುವಾಗಿದ್ದೂ ಅದೇ ತಿಂಗಳು. ಮೂವರೂ ಒಂದೇ ವಾರಿಗೆಯವರು ಅಂತ ನಾನು ಚೇಷ್ಟೆ ಮಾಡುತ್ತಿರುತ್ತೇನೆ. ಅವರಿಬ್ಬರೂ ಹೆಸರು ಮಾಡಿದರು. ನಾನು ಹೆಲ್ಪರ್ ಆದೆ.

ಹದಿನೆಂಟು ತುಂಬಿತ್ತು. ಮುಧೋಳದ ಕಡೆ ಘಟಪ್ರಭಾ ಕಾಲುವೆ ಕೆಲಸ. ಗುತ್ತಿಗೆದಾರರ ಹತ್ತಿರ ಎರಡು ಡೋಜರ್ ಇದ್ದವು, ಅಂದರೆ ಮುಂದಿನ ಅಗಲ ಬ್ಲೇಡಿನಿಂದ ಮಣ್ಣು ದಬ್ಬುವ ಮಷೀನು. ಒಂದು ಬಿಇಎಂಎಲ್‌ನ ಡಿ-80, ಕೆಜಿಎಫ್‌ನಲ್ಲಿ ಮಾಡಿದ್ದು, 180 ಹಾರ್ಸ್‌ಪವರ್. ಇನ್ನೊಂದು ಮುದಿ ಕ್ಯಾಟರ್‌ಪಿಲ್ಲರ್ ಡಿ-7. ಅದು ಯಾರ ಕಾಲದ್ದೋ, ಎಷ್ಟು ಕೈ ದಾಟಿ ಬಂದಿತ್ತೋ. ಅದರ ಆಪರೇಟರ್ ಚಾಚಾ. ಅವರ ಹೆಸರು ಹಿಡಿದು ಕರೆದವರನ್ನು ನಾನು ನೋಡೇ ಇಲ್ಲ. ಸಾಹೇಬರೂ ಚಾಚಾ ಅಂತಲೇ ಅನ್ನುತ್ತಿದ್ದರು.

ಡಿ-7 ಚಾಲೂ ಮಾಡೋದೇ ಒಂದು ಪೂಜೆ. ಅದಕ್ಕೆ ಸೆಲ್ಫ್ ಇಲ್ಲ. ದೊಡ್ಡ ಡೀಸೆಲ್ ಎಂಜಿನ್ ಪಕ್ಕದಲ್ಲಿ ಎರಡು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಒಂದಿರುತ್ತೆ, ಅದಕ್ಕೆ ಪೋನಿ ಅಂತಾರೆ. ಮೊದಲು ಪೋನಿಯ ಚಕ್ರಕ್ಕೆ ಹಗ್ಗ ಸುತ್ತಿ ಎಳೆಯಬೇಕು. ಹಗ್ಗದ ತುದಿ ಬೆರಳಲ್ಲಿ ಹಿಡಿಯಬೇಕು, ಕೈಗೆ ಸುತ್ತಿಕೊಳ್ಳಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತೆ. ಪೋನಿ ಹತ್ತಿದ ಮೇಲೂ ಅವಸರ ಇಲ್ಲ. ಎರಡೂ ಎಂಜಿನ್‌ಗೆ ನೀರು ಒಂದೇ, ಹಾಗಾಗಿ ಪೋನಿ ಬಿಸಿಯಾದಂತೆ ದೊಡ್ಡದೂ ಬಿಸಿಯಾಗುತ್ತೆ. ಪೋನಿಯ ಹೊಗೆ ಕೂಡ ಡೀಸೆಲ್ ಎಂಜಿನ್ ಗಾಳಿ ಎಳೆಯುವ ಪೈಪನ್ನು ಕಾಯಿಸುತ್ತೆ. ಆಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಗಾಳಿಯ ಒತ್ತಡ, ಬಿಟ್ಟು ದೊಡ್ಡ ಎಂಜಿನ್ ತಿರುಗಿಸಬೇಕು. ಆಯಿಲ್ ಪ್ರೆಶರ್ ಮುಳ್ಳು ಏರಬೇಕು. ಆಗ ಕಂಪ್ರೆಶನ್ ಹಾಕಿ ಡೀಸೆಲ್ ಬಿಟ್ಟರೆ ಢಗ್ ಢಗ್ ಅಂತ ಕರೀ ಹೊಗೆ ಕಾರುತ್ತಾ ಎದ್ದೇಳುತ್ತಿತ್ತು. ಅಷ್ಟರಲ್ಲಿ ಚಾಚಾರ ಎರಡು ಬೀಡಿ, ಒಂದು ಚಹಾ ಮುಗಿದಿರುತ್ತಿತ್ತು. ಡಿ-80ಯ ಆಪರೇಟರ್ ಕೀಲಿ ತಿರುಗಿಸಿ ಹೊರಟು ಆಗಲೇ ನಾಲ್ಕು ಸುತ್ತು ಮಣ್ಣು ದಬ್ಬಿರುತ್ತಿದ್ದ.

ಹೆಲ್ಪರ್ ಕೆಲಸ ಅಂದರೆ ಗ್ರೀಸು, ಡೀಸೆಲ್, ಕೆಸರು. ಕೆಸರಿನದೇ ಜಾಸ್ತಿ. ನಮ್ಮ ಎರೆಮಣ್ಣು ನಿಮಗೆ ಗೊತ್ತಲ್ಲ, ಒದ್ದೆಯಾದರೆ ಮೇಣ, ಒಣಗಿದರೆ ಕಲ್ಲು. ಡೋಜರ್ ಓಡೋದು ಚಕ್ರದ ಮೇಲಲ್ಲ, ಉಕ್ಕಿನ ಚೈನಿನ ಮೇಲೆ. ಸಂಜೆ ಹಾರೆ ತಗೊಂಡು ಚೈನಿನ ಒಳಗಿನದು, ರೋಲರ್ ನಡುವಿನದು, ಸ್ಪ್ರಾಕೆಟ್ ಹಲ್ಲಿನ ಸಂದಿಯದು ಎಲ್ಲ ಕೆದರಿ ತೆಗೀಬೇಕು. ಒಂದು ರಾತ್ರಿ ಸುಮ್ನೆ ಬಿಟ್ಟೆ. ಬೆಳಿಗ್ಗೆ ರೋಲರ್‌ಗಳು ಸಿಮೆಂಟು ಹಾಕಿದ ಹಾಗೆ ಹಿಡಿದಿದ್ದವು. ತಿರುಗದ ರೋಲರ್ ಮೇಲೆ ಚೈನು ಉಜ್ಜಿದರೆ ಒಂದು ಮಗ್ಗುಲು ಸವೆದು ಚಪ್ಪಟೆ ಆಗುತ್ತೆ. ಚಾಚಾ ಬೈಯಲಿಲ್ಲ. ಹಾರೆ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದರು. ಅವರ ರೊಟ್ಟಿ, ಶೇಂಗಾ ಚಟ್ನಿ ಮುಗಿದರೂ ನನ್ನ ಕೆದರುವುದು ಮುಗಿದಿರಲಿಲ್ಲ.

ಎರೆಮಣ್ಣಿನ ಇನ್ನೊಂದು ಕಾಟ ಕಾಲುವೆಗೇ ಇತ್ತು. ನೀರು ಕುಡಿದರೆ ಆ ಮಣ್ಣು ಉಬ್ಬುತ್ತೆ, ಮೇಲಿನ ಲೈನಿಂಗ್ ಕಲ್ಲನ್ನು ಎತ್ತಿ ಒಗೆಯುತ್ತೆ. ಮಲಪ್ರಭಾ ಕಾಲುವೆಯಲ್ಲಿ ಇದೇ ತೊಂದರೆ ಆಗಿ, ಮುಂಬೈ ಐಐಟಿಯ ಪ್ರೊಫೆಸರ್ ಕಟ್ಟಿಯವರು ಒಂದು ದಾರಿ ಹುಡುಕಿದ್ದರು. ಲೈನಿಂಗ್ ಕೆಳಗೆ ಉಬ್ಬದ ಜಾತಿಯ ಮಣ್ಣನ್ನು ದಪ್ಪಗೆ ಹಾಕಿ ಗಟ್ಟಿ ಮಾಡೋದು. ಸಾಹೇಬರು ಅದಕ್ಕೆ ಸಿಎನ್‌ಎಸ್ ಅಂತಿದ್ದರು. ನಮಗೆ ಅದು ಗರಸು, ಅಷ್ಟೇ. ಆ ಗರಸನ್ನು ಪದರ ಪದರವಾಗಿ ಹರವಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಬಾರದು. ಚಾಚಾ ನನಗೆ ಸೀಟು ಬಿಟ್ಟುಕೊಟ್ಟಿದ್ದು ಈ ಕೆಲಸದಲ್ಲೇ, ಎರಡನೇ ವರ್ಷ.

ಮೊದಲ ದಿನ ನಾನು ಕತ್ತು ಉದ್ದ ಮಾಡಿ ಬ್ಲೇಡನ್ನೇ ನೋಡುತ್ತಿದ್ದೆ. ಎದುರಿಗೆ ಅಷ್ಟುದ್ದ ಬಾನೆಟ್, ಅದರಾಚೆ ಬ್ಲೇಡ್. ಬ್ಲೇಡಿನ ಕೆಳಗಿನ ಅಂಚು ಕಾಣೋದೇ ಇಲ್ಲ. ಹಿಂದೆ ತಿರುಗಿ ನೋಡಿದರೆ ನಾನು ಹರವಿದ ಗರಸು ಹೆಂಚಿನ ಮಾಳಿಗೆ ಥರ ಏರು ಇಳಿವು.

"ಲೇ ತಮ್ಮಾ, ಕಣ್ಣ ಬಿಡು. ಕುಂಡಿ ಏನ ಹೇಳತೈತಿ ಅದನ್ನ ಕೇಳು" ಅಂದರು ಚಾಚಾ.

ನಗಬೇಡಿ, ಇದು ನಿಜ. ಬ್ಲೇಡು ನೆಲ ಕಚ್ಚಿದರೆ ಮಷೀನಿನ ಹಿಂಭಾಗ ಒಂದು ಕೂದಲೆಳೆ ಹಗುರಾಗುತ್ತೆ. ಚೈನು ಏರು ಹತ್ತಲು ಶುರು ಮಾಡಿದ ಕೂಡಲೇ ಸೀಟು ಹಿಂದಕ್ಕೆ ವಾಲುತ್ತೆ. ಅಷ್ಟರಲ್ಲೇ ಬ್ಲೇಡನ್ನು ಒಂದಿಷ್ಟು ಮುಟ್ಟಬೇಕು. ಕಣ್ಣಿಗೆ ಕಾಣುವ ತನಕ ಕಾದರೆ ಗುಂಡಿ ಬಿದ್ದಾಗಿರುತ್ತೆ, ಅದೇ ಗುಂಡಿಯಲ್ಲಿ ಚೈನು ಇಳಿದು ಮುಂದೆ ಇನ್ನೊಂದು ಗುಂಡಿ. ಒಂದು ತಪ್ಪು ಹತ್ತು ಮರಿ ಹಾಕುತ್ತೆ. ಆ ಡಿ-7ರ ಸೀಟಿನಲ್ಲಿ ಸ್ಪಂಜು ಅನ್ನೋದು ಉಳಿದೇ ಇರಲಿಲ್ಲ. ತಗಡಿನ ಮೇಲೆ ಗೋಣಿಚೀಲ, ಅಷ್ಟೇ. ಈಗ ಅನಿಸುತ್ತೆ, ಅದೇ ಒಳ್ಳೆಯದಾಯಿತು.

ಒಂದು ಪಾಠ ಮಾತ್ರ ಯಾರೂ ಹೇಳಿಕೊಡದೆ ಕಲಿತೆ. ದಂಡೆಯ ಮೇಲಿಂದ ಖಾಲಿ ಇಳಿಯುತ್ತಿದ್ದೆ. ಬಲಕ್ಕೆ ಹೋಗಬೇಕಿತ್ತು, ಬಲಗೈ ಲಿವರ್ ಎಳೆದೆ. ಮಷೀನು ಎಡಕ್ಕೆ ತಿರುಗಿತು! ಗಾಬರಿಯಿಂದ ಇನ್ನೂ ಜೋರಾಗಿ ಎಳೆದೆ, ಇನ್ನೂ ಎಡಕ್ಕೆ. ಎಡಕ್ಕೆ ನೀರಿನ ಟ್ಯಾಂಕರ್ ನಿಂತಿತ್ತು. ಚಾಚಾ ಓಡಿಬರುತ್ತಾ "ಬ್ರೇಕ್ ತುಳಿ, ಬ್ರೇಕ್!" ಅಂತ ಕೂಗಿದರು. ತುಳಿಯುವಷ್ಟರಲ್ಲಿ ಬ್ಲೇಡಿನ ಮೂಲೆ ಟ್ಯಾಂಕರಿಗೆ ತಾಗಿ, ನೀರೆಲ್ಲ ಎರೆಮಣ್ಣಿಗೆ.

ಆಗಿದ್ದಿಷ್ಟೇ. ಲಿವರ್ ಎಳೆದರೆ ಆ ಕಡೆ ಚೈನಿನ ಕ್ಲಚ್ ಬಿಡುತ್ತೆ. ಸಪಾಟಿನಲ್ಲಾದರೆ ಆ ಚೈನು ನಿಧಾನ ಆಗಿ ಮಷೀನು ಅತ್ತಲೇ ತಿರುಗುತ್ತೆ. ಇಳಿಜಾರಿನಲ್ಲಿ ಇನ್ನೊಂದು ಚೈನನ್ನು ಎಂಜಿನ್ ಹಿಡಿದಿರುತ್ತೆ, ಬಿಟ್ಟ ಚೈನು ತನ್ನಷ್ಟಕ್ಕೆ ಓಡುತ್ತೆ. ಹಾಗಾಗಿ ಉಲ್ಟಾ. ಜೊತೆಗೆ ಆ ಕಡೆಯ ಬ್ರೇಕ್ ತುಳಿಯಬೇಕು, ಇಲ್ಲಾ ಎದುರು ಲಿವರ್ ಎಳೀಬೇಕು. ಊಟ ಆದ ಮೇಲೆ ಚಾಚಾ ಅದೇ ದಂಡೆ ಮೇಲೆ ಇಪ್ಪತ್ತು ಸಲ ಹತ್ತಿಸಿ ಇಳಿಸಿದರು. ಟ್ಯಾಂಕರ್ ದುರಸ್ತಿ ದುಡ್ಡು ನನ್ನ ಪಗಾರದಲ್ಲಿ ಮೂರು ತಿಂಗಳು ಮುರಿದುಕೊಂಡರು. ಅದಕ್ಕೆ ಮಾತ್ರ ಚಾಚಾ ಕಚೇರಿಗೆ ಹೋಗಿ ಜಗಳ ಆಡಿ ಬಂದರಂತೆ. ಪ್ರಯೋಜನ ಆಗಲಿಲ್ಲ.

ಆಮೇಲೆ ಬಹಳ ವರ್ಷ ಡಿ-80 ಓಡಿಸಿದೆ. ಮುದ್ದೇಬಿಹಾಳ ಕಡೆ ಆಲಮಟ್ಟಿ ಎಡದಂಡೆ ಕಾಲುವೆ, ಕೆರೆ, ರಸ್ತೆ ಎಲ್ಲ ಆಯಿತು. ಖಂಡೆ ಪೂಜೆ ದಿನ ಡೋಜರಿಗೆ ಕಬ್ಬು ಕಟ್ಟಿ, ಚೈನಿನ ಕೆಳಗೆ ನಿಂಬೆಹಣ್ಣು ಇಟ್ಟು ಒಂದಿಂಚು ಮುಂದೆ ಸರಿಸುತ್ತಿದ್ದೆವು. ಅಷ್ಟು ದೊಡ್ಡ ಮಷೀನನ್ನು ಒಂದೇ ಇಂಚು ಸರಿಸಿ ನಿಲ್ಲಿಸೋದು ಬಂದರೆ ಅವನು ಆಪರೇಟರ್ ಅಂತ ಲೆಕ್ಕ. ಡಿ-7 ಗುಜರಿಗೆ ಹೋಗುವ ದಿನ ನಾನು ಊರಲ್ಲಿರಲಿಲ್ಲ. ಪೋನಿಯ ಹಗ್ಗ ಮಾತ್ರ ಚಾಚಾ ತೆಗೆದಿಟ್ಟು ನನಗೆ ಕೊಟ್ಟರು. ಈಗ ಅದರಲ್ಲಿ ಎಮ್ಮೆ ಕಟ್ಟಿದೆ.

ಮನಸ್ಸಿಗೆ ಅಂಟಿಕೊಂಡ ಕೆಲಸ ಅಂದರೆ ಬಾಗಲಕೋಟೆ ನವನಗರದ್ದು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆಗಳು ಹೋಗುತ್ತವೆ ಅಂತ ಎತ್ತರದಲ್ಲಿ ಹೊಸ ಊರು ಕಟ್ಟಿದರು. ಸೆಕ್ಟರ್ ಸೆಕ್ಟರ್ ಅಂತ ನೆಲ ಸಪಾಟು ಮಾಡಿದವರಲ್ಲಿ ನಾನೂ ಒಬ್ಬ. ನಮ್ಮ ಚಿಗವ್ವನ ಮನೆ ಹಳೇ ಊರಿನಲ್ಲಿತ್ತು, ಕಟ್ಟಿಗೆಯ ಕಂಬ, ಅಂಗಳದಲ್ಲಿ ಬಾವಿ. ಅದು ಮುಳುಗಿತು. ಅವಳಿಗೆ ಸೈಟು ಸಿಕ್ಕಿದ್ದು ನಾನೇ ಡೋಜರ್ ಹಾಕಿದ ಸಾಲಿನಲ್ಲಿ. ಬಾಗಿಲು ತೆರೆದ ದಿನ ಹೆಮ್ಮೆಯಿಂದ ಹೇಳಿಕೊಂಡೆ, ಈ ನೆಲ ನನ್ನ ಕೈಯದು ಅಂತ. ಹೇಳಬಾರದಿತ್ತು.

ಈಗಲೂ ದೊಡ್ಡ ಮಳೆ ಬಂದರೆ ಅವಳ ಮೆಟ್ಟಿಲ ಮುಂದೆ ಮೊಳಕಾಲುದ್ದ ನೀರು ನಿಲ್ಲುತ್ತೆ. ಆಮೇಲೆ ಬಂದ ರಸ್ತೆಯವರು ಎತ್ತರ ಮಾಡಿದ್ದಕ್ಕೆ ಹೀಗಾಗಿದೆ ಅಂತ ನಾನು ಎಷ್ಟು ಸಲ ಹೇಳಿದರೂ ಕೇಳಲ್ಲ. ಚಾಚಾರ ಮಾತನ್ನು ಯಾವತ್ತೋ ಅವಳಿಗೆ ಹೇಳಿ ನಗಿಸಿದ್ದೆ. ಮೊನ್ನೆ ಮಳೆಯಲ್ಲೂ ಬೆಳಿಗ್ಗೆ ಆರಕ್ಕೇ ಫೋನು ಮಾಡಿದಳು.

"ಬಂದ ನೋಡಿ ಹೋಗೋ. ಆವತ್ತ ನಿನ್ನ ಕುಂಡಿ ನಿದ್ದಿ ಮಾಡತಿತ್ತೇನು?"