ಮೂರರ ಹಾಗಿದ್ದ ಒಂದು ಅಕ್ಷರ

ಇವತ್ತು ಆಫೀಸ್ ಕಾಲ್‌ನಲ್ಲಿ ಸ್ಕಾಟ್‌ಲೆಂಡಿನವರೊಬ್ಬರು ಸಿಕ್ಕಿದ್ದರು. ಸ್ಕ್ರೀನ್ ಮೇಲಿದ್ದ ಹೆಸರು ನೋಡಿ "ಮಿಸ್ಟರ್ ಮೆನ್ಝೀಸ್" ಅಂದೆ.

"ಮಿಂಗಿಸ್" ಅಂದರು, ಮೆತ್ತಗೆ.

ಬರೆದಿರೋದು ಝಡ್, ಓದೋದು ಗ! ಸಂಜೆಯವರೆಗೂ ಅದೇ ತಲೆಯಲ್ಲಿತ್ತು. ಹುಡುಕಿ ಓದಿದೆ.

ಹಳೇ ಸ್ಕಾಟ್ಸ್ ಭಾಷೆಯಲ್ಲಿ 'ಯಾಗ್' ಅಂತ ಒಂದು ಅಕ್ಷರ ಇತ್ತಂತೆ. ನೋಡೋಕೆ ಥೇಟ್ ಇಂಗ್ಲಿಷಿನ 3. ಬಾಲ ಸ್ವಲ್ಪ ಕೆಳಗೆ ಇಳಿದಿರುತ್ತೆ. ಈ ಹೆಸರಲ್ಲಿ ಇದ್ದದ್ದು ಅದೇ. ಎಡಿನ್‌ಬರೋಗೆ 1508ರಲ್ಲಿ ಅಚ್ಚುಕೂಟ ಬಂತು. ಮುದ್ರಿಸುವವರ ಹತ್ತಿರ ಆ ಅಕ್ಷರದ ಅಚ್ಚಿನ ಮೊಳೆ ಇಲ್ಲದಾಗ, ಹತ್ತಿರದ ಹೋಲಿಕೆ ಅಂತ ಝಡ್ ಜೋಡಿಸಿದರು.

ಅಕ್ಷರ ಹೋಯಿತು. ಉಚ್ಚಾರಣೆ ಮಾತ್ರ ಮನೆಮಂದಿಯ ನಾಲಿಗೆಯಲ್ಲಿ ಉಳಿಯಿತು. ಐನೂರು ವರ್ಷ! ಮಕ್ಕಳಿಗೆ ಹೆಸರು ಹೇಳಿಕೊಟ್ಟವರನ್ನೆಲ್ಲ ನೆನೆದು ಮನಸ್ಸು ತುಂಬಿ ಬಂತು.

ಮೆಕೆಂಜಿ ಅನ್ನೋ ಹೆಸರಿನ ಕಥೆಯೂ ಇದೇ. ಸ್ಕಾಟ್‌ಲೆಂಡಿನ ಇನ್ನೊಂದು ಭಾಷೆ ಗೇಲಿಕ್‌ನಲ್ಲಿ 'ಮ್ಯಾಕ್' ಅಂದರೆ ಮಗ, ಮೆಕೆಂಜಿ ಅಂದರೆ ಕೆನೆತ್‌ನ ಮಗ. ಟಿಪ್ಪು ತೀರಿಕೊಂಡ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿ, ನಮ್ಮ ಶಾಸನ, ಕೈಫಿಯತ್ತುಗಳನ್ನು (ಊರೂರಿನ ಇತಿಹಾಸದ ಬರಹಗಳನ್ನು) ಕೂಡಿಸಿಟ್ಟ ಕಾಲಿನ್ ಮೆಕೆಂಜಿ ನೆನಪಿದ್ದಾರಲ್ವಾ? ಅವರ ಹೆಸರಲ್ಲೂ ಆ ಝಡ್ ಇದೆ. ಆದರೆ ಇಲ್ಲಿ ಬರವಣಿಗೆಯೇ ಗೆದ್ದಿತು, ಹಳೇ ಉಚ್ಚಾರಣೆ ಅಳಿಸಿಹೋಯಿತು.

ಡೈರಿಯಲ್ಲಿ ಆ ಬಾಲದ ಮೂರನ್ನು ಸುಮ್ನೆ ನಾಲ್ಕೈದು ಸಲ ಬರೆದೆ. ನಾಳೆ ಮತ್ತೆ ಕಾಲ್ ಇದೆ. ಮಿಂಗಿಸ್ ಅಂತಲೇ ಕರೀಬೇಕು.