ಸೋಮವಾರದ ಪಟ್ಟಿ

ಗುರುವಾರ ಸಂಜೆ. 38,000 ಫೈಲುಗಳನ್ನು ಅಳಿಸುವ ಕಮಾಂಡ್ ಟೈಪ್ ಮಾಡಿಯಾಗಿತ್ತು. ಎಂಟರ್ ಒತ್ತುವುದೊಂದೇ ಬಾಕಿ.

ನಮ್ಮ ಪ್ರಯೋಗದ ಡೇಟಾ ಐದು ಕಡೆಯ ಸ್ಟೋರೇಜ್‌ಗಳಲ್ಲಿ ಹರಡಿಕೊಂಡಿದೆ. ಯಾವ ಫೈಲ್ ಎಲ್ಲಿದೆ, ಎಷ್ಟು ಪ್ರತಿಗಳಿವೆ ಎಂಬ ಲೆಕ್ಕ ಇಡುವುದು ರುಸಿಯೊ. ಯುರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್ ಪ್ರಯೋಗಕ್ಕಾಗಿ ಹುಟ್ಟಿದ ಸಾಫ್ಟ್‌ವೇರ್ ಅದು. ಆಮೇಲೆ ಬೇರೆಯವರೂ ಬಳಸತೊಡಗಿದರು. ಆದರೆ ಅದರ ಹತ್ತಿರ ಇರುವುದು ಬರೀ ಲೆಕ್ಕದ ಪುಸ್ತಕ. ಸರಕು ಇರುವುದು ದೂರದ ಡಿಸ್ಕಿನಲ್ಲೋ ಟೇಪಿನಲ್ಲೋ. ಎರಡಕ್ಕೂ ತಾಳೆಯಾಗದಿರುವುದು ಮಾಮೂಲಿ. ಡಿಸ್ಕಿನಲ್ಲಿದ್ದು ಲೆಕ್ಕದಲ್ಲಿಲ್ಲದ ಫೈಲಿಗೆ ನಾವು ‘ಡಾರ್ಕ್’ ಅನ್ನುತ್ತೇವೆ, ಲೆಕ್ಕದಲ್ಲಿದ್ದು ಡಿಸ್ಕಿನಲ್ಲಿಲ್ಲದ್ದಕ್ಕೆ ‘ಲಾಸ್ಟ್’. ಡಾರ್ಕ್ ಸುಮ್ನೆ ಜಾಗ ತಿನ್ನುತ್ತದೆ. ಲಾಸ್ಟ್ ನಿದ್ದೆ ಕೆಡಿಸುತ್ತದೆ.

ಆ ಐದು ಕಡೆಗಳಲ್ಲಿ (ನಾವು ‘ಸೈಟ್’ ಅನ್ನುತ್ತೇವೆ) ಒಂದರ ಡಿಸ್ಕ್ ತುಂಬುತ್ತಾ ಬಂದಿತ್ತು. ಅಲ್ಲಿನವರು ತಮ್ಮಲ್ಲಿರುವ ಫೈಲುಗಳ ಹೆಸರನ್ನೆಲ್ಲ ಕಳಿಸಿದ್ದರು. ನನ್ನ ಹತ್ತಿರ ಇದ್ದ ಕ್ಯಾಟಲಾಗ್ ಪಟ್ಟಿಯ, ಅಂದರೆ ರುಸಿಯೊ ಲೆಕ್ಕದ ಪಟ್ಟಿಯ ಜೊತೆ ಅದನ್ನು ಹೋಲಿಸಿದೆ. 38,000 ಡಾರ್ಕ್! ಇಷ್ಟು ಜಾಗ ಬಿಡಿಸಿಕೊಟ್ಟರೆ ಶಭಾಷ್ ಅನ್ನುತ್ತಾರೆ ಅಂತ ಒಳಗೊಳಗೇ ಖುಷಿ.

ಹಿಂದೆ ಬಂದು ನಿಂತ ಮೇಡಂ ಕೇಳಿದ್ದು ಒಂದೇ ಮಾತು: “ಎರಡೂ ಪಟ್ಟಿ ಯಾವತ್ತಿನವು?”

ಸೈಟಿನದು ಅವತ್ತಿನದು. ನನ್ನದು ಸೋಮವಾರದ್ದು. ಹೇಳುವಾಗಲೇ ಎದೆ ಧಸಕ್ಕೆಂದಿತು. ಸೋಮವಾರದ ನಂತರ ಬಂದ ಡೇಟಾ ಆ ಹಳೆ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ನಾನು ಕಸ ಅಂದುಕೊಂಡಿದ್ದು ಹೆಚ್ಚುಕಡಿಮೆ ಎಲ್ಲವೂ ಆ ಮೂರು ದಿನಗಳಲ್ಲಿ ಬಂದಿಳಿದ ಹೊಸ ಅಳತೆಗಳು. ಎಷ್ಟೋ ಫೈಲುಗಳ ಎರಡನೇ ಪ್ರತಿ ಇನ್ನೂ ಬೇರೆಲ್ಲೂ ಹೋಗಿರಲೇ ಇಲ್ಲ.

ಮಾಡಬೇಕಾದ ಕ್ರಮವೇ ಬೇರೆ. ಡಿಸ್ಕಿನ ಪಟ್ಟಿಗಿಂತ ಮುಂಚಿನದೊಂದು, ನಂತರದ್ದೊಂದು, ಹೀಗೆ ಎರಡು ಕ್ಯಾಟಲಾಗ್ ಪಟ್ಟಿ ಬೇಕು. ಎರಡರಲ್ಲೂ ಇಲ್ಲದೆ ಡಿಸ್ಕಿನಲ್ಲಿ ಮಾತ್ರ ಇದ್ದರೆ ಡಾರ್ಕ್. ಎರಡರಲ್ಲೂ ಇದ್ದು ಡಿಸ್ಕಿನಲ್ಲಿ ಇಲ್ಲದಿದ್ದರೆ ಲಾಸ್ಟ್. ಮಧ್ಯೆ ಬಂದದ್ದನ್ನು, ಮಧ್ಯೆ ಹೋದದ್ದನ್ನು ಮುಟ್ಟುವ ಹಾಗಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೆ!

ಶುಕ್ರವಾರ ಹೊಸ ಕ್ಯಾಟಲಾಗ್ ಪಟ್ಟಿ ತೆಗೆದು ಮತ್ತೆ ಹೋಲಿಸಿದೆ. ನಿಜವಾದ ಡಾರ್ಕ್ 612. ಜಾಸ್ತಿ ಪಾಲು ಅರ್ಧಕ್ಕೆ ನಿಂತ ವರ್ಗಾವಣೆಗಳ ಉಳಿಕೆ. ಜಾಗದ ಆಸೆಯಲ್ಲಿ ಲಾಸ್ಟ್ ಪಟ್ಟಿಯನ್ನು ನಾನು ಹಿಂದಿನ ದಿನ ತೆರೆದೇ ನೋಡಿರಲಿಲ್ಲ. ಅದರಲ್ಲಿ 11 ಫೈಲುಗಳಿದ್ದವು. 9 ಫೈಲುಗಳ ಪ್ರತಿ ಬೇರೆ ಸೈಟುಗಳಲ್ಲಿ ಸಿಕ್ಕಿತು. ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೇ ಎಂದು ನೋಡಲು ಲೆಕ್ಕಹಾಕಿಟ್ಟ ಸಂಖ್ಯೆ) ತಾಳೆ ನೋಡಿ ಮರಳಿ ತರಿಸಿದೆವು. ಉಳಿದ ಎರಡು ಎಲ್ಲೂ ಇರಲಿಲ್ಲ. ಆ ಡೇಟಾ ಯಾರದೋ ಅವರಿಗೆ ಮೇಲ್ ಬರೆಯಲು ಕುಳಿತೆ. ಎಷ್ಟು ಹೊತ್ತಾದರೂ ಮೊದಲ ಸಾಲೇ ಹೊಳೆಯಲಿಲ್ಲ.