ಕ್ಯೋಟೊದ ಬಾಗಿಲು ತಟ್ಟಿದವರು

ಸ್ವೀಡನ್‌ನ ಗೋಥೆನ್‌ಬರ್ಗ್‌ನ ಹಳೇ ಸಾಮಾನಿನ ಸಂತೆಯಲ್ಲಿ ಇವತ್ತು ಜಪಾನಿನ ವಿಡಿಯೋ ಗೇಮ್ ಕಂಪನಿ ನಿಂಟೆಂಡೊದ ಒಂದು ಕಾರ್ಟ್ರಿಜ್, ಅಂದರೆ ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿ, ಕಣ್ಣಿಗೆ ಬಿತ್ತು. ಸ್ಟಿಕರ್ ಮೇಲೆ ಸಣ್ಣದಾಗಿ ‘ಎಸ್‌ಸಿಎನ್’ ಅಂತಿದೆ. ಅಂದರೆ ಸ್ಕ್ಯಾಂಡಿನೇವಿಯಾಕ್ಕೆ ಅಂತಲೇ ಬಂದ ಮಾಲು. ಮಾರುವವರು ಅದನ್ನೇ ತೋರಿಸಿ ರೇಟು ಏರಿಸಿದರು!

ಈ ಮಾಲು ತರಿಸುತ್ತಿದ್ದವರ ಕಥೆ ನನಗೆ ಬಹಳ ಇಷ್ಟ. ಇಲ್ಲಿಂದ ರೈಲಲ್ಲಿ ಸ್ವಲ್ಪ ದಕ್ಷಿಣಕ್ಕೆ ಹೋದರೆ ಕುಂಗ್ಸ್‌ಬಾಕಾ ಅನ್ನೋ ಪುಟ್ಟ ಊರು. ಅಲ್ಲಿನ ಬರ್ಗ್‌ಸಾಲಾ ಕಂಪನಿಯ ಓವೆ ಬರ್ಗ್‌ಸ್ಟೆನ್ ಸಿಂಗಾಪುರದಲ್ಲಿ ನಿಂಟೆಂಡೊದ ಪುಟ್ಟ ಕೈ ಆಟಿಕೆ ‘ಗೇಮ್ ಅಂಡ್ ವಾಚ್’ ನೋಡಿದರು. ಅಂಗೈಯಷ್ಟೇ ಅಗಲ. ಉರಿಯುವ ಕಟ್ಟಡದಿಂದ ಜನ ಒಬ್ಬೊಬ್ಬರಾಗಿ ಜಿಗಿಯುತ್ತಾರೆ, ಕೆಳಗೆ ಇಬ್ಬರು ಸ್ಟ್ರೆಚರ್ ಹಿಡಿದು ಅತ್ತಿಂದಿತ್ತ ಓಡಬೇಕು. ಆಡದಿದ್ದಾಗ ಅದೇ ಗಡಿಯಾರ. ಇವರು ಕಂಪನಿಯ ಊರಾದ ಜಪಾನಿನ ಕ್ಯೋಟೊಗೇ ಹೋಗಿ ನಿಂಟೆಂಡೊದ ಬಾಗಿಲು ತಟ್ಟಿದರು. 1981ರಿಂದ ಸ್ವೀಡನ್‌ನಲ್ಲಿ ಮಾರಾಟ ಶುರು. 1986ರಲ್ಲಿ ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಯಂತ್ರ ಎನ್‌ಇಎಸ್ ಕೂಡ ಬಂತು.

ಆಗ ಇಡೀ ದೇಶದ ಜನಸಂಖ್ಯೆ ಸುಮಾರು 83 ಲಕ್ಷ. ದೊಡ್ಡ ಕಂಪನಿ ತಾನಾಗಿಯೇ ಬಂದು ಆಫೀಸು ತೆರೆಯುವಂಥ ಮಾರುಕಟ್ಟೆ ಅಲ್ಲವೇ ಅಲ್ಲ. 1990ರಲ್ಲಿ ನಿಂಟೆಂಡೊ ಜರ್ಮನಿಯಲ್ಲಿ ತನ್ನದೇ ಯುರೋಪ್ ಶಾಖೆ ತೆರೆದ ಮೇಲೂ ಇಲ್ಲಿ ಮಾರುವ ಕಂಪನಿಯಾಗಿ ಬರ್ಗ್‌ಸಾಲಾನೇ ಉಳಿಯಿತು.

ನನ್ನ ಸ್ವೀಡಿಷ್ ಸಹೋದ್ಯೋಗಿಗಳು ನಿಂಟೆಂಡೊ ಆಟಗಳ ನಾಯಕ ಮಾರಿಯೋ ಅಂದರೆ ಸಾಕು, ಸುಮ್ನೆ ಕರಗಿಹೋಗುತ್ತಾರೆ. ಅದು ಅವರ ರುಚಿ ಅಂದುಕೊಂಡಿದ್ದಾರೆ. ಅರ್ಧ ರುಚಿ ಇರಬಹುದು; ಇನ್ನರ್ಧ ಒಬ್ಬ ವ್ಯಾಪಾರಿಯ ಹಟ, ಅಲ್ವಾ?